ಶೇ. 5ರ ಲಿಡೊಕೇನ್ ಪ್ಯಾಚ್: ಅಂಗೈಯಿಟ್ಟು ತೋರಿಸಬಹುದಾದ ನರನೋವಿಗೆ

ಅಂಗಿ ಸೋಕಿದರೆ ಉರಿ, ಹೊದಿಕೆ ಎಳೆದುಕೊಂಡರೆ ಚುಚ್ಚು, ಫ್ಯಾನಿನ ಗಾಳಿ ತಾಗಿದರೂ ಕರೆಂಟ್ ಹೊಡೆದ ಹಾಗೆ. ಆದರೆ ಎಲ್ಲಿ ಎಂದು ಕೇಳಿದರೆ ಅಂಗೈಯಿಟ್ಟು ತೋರಿಸಿಬಿಡಬಹುದಾದಷ್ಟೇ ಜಾಗ. ಮರಗಟ್ಟಿಸುವ ಔಷಧವಾದ ಲಿಡೊಕೇನ್ ಬೆರೆಸಿದ, ಚರ್ಮಕ್ಕೆ ಅಂಟಿಸುವ ಶೇ. 5ರ ಪ್ಯಾಚ್ ಇರುವುದು ಈ ಬಗೆಯ ನೋವಿಗೆ. ಇಲ್ಲಿ ಅದು ಕೆಲಸ ಮಾಡುವ ಸಾಧ್ಯತೆ ಚೆನ್ನಾಗಿದೆ, ಅದೂ ನರನೋವಿನ ಮಾತ್ರೆಗಳು ತರುವ ಮಂಪರು, ತಲೆಸುತ್ತು ಇಲ್ಲದೆ. ಇದೇ ಪ್ಯಾಚನ್ನು ಸೊಂಟದಿಂದ ಕಾಲಿಗಿಳಿಯುವ ಸೆಳೆತಕ್ಕೋ, ಮಂಡಿ ಸವೆತಕ್ಕೋ ಅಂಟಿಸಿಕೊಂಡವರು ಏನೂ ಪ್ರಯೋಜನವಾಗಲಿಲ್ಲ ಎನ್ನುತ್ತಾರೆ. ಅವರು ಹೇಳುವುದೂ ಸುಳ್ಳಲ್ಲ. ಪ್ಯಾಚಿನ ಔಷಧ ಚರ್ಮ ಮತ್ತು ಅದರ ಕೆಳಗಿನ ತೆಳು ಪದರವನ್ನು ದಾಟಿ ಆಳಕ್ಕೆ ಹೋಗುವುದಿಲ್ಲ. ಬೆನ್ನುಮೂಳೆಯ ಪಕ್ಕದಲ್ಲಿ ಒತ್ತಿಹೋಗಿರುವ ನರದ ಬುಡಕ್ಕೂ ಕಾಲಿನ ಮೇಲೆ ಅಂಟಿಸಿದ ಹಾಳೆಗೂ ಸಂಬಂಧವೇ ಇಲ್ಲ. ಹಾಗಾಗಿ ಈ ವಿಮರ್ಶೆ ಪ್ಯಾಚ್ ಒಳ್ಳೆಯದೋ ಕೆಟ್ಟದ್ದೋ ಎನ್ನುವುದಕ್ಕಿಂತ ಯಾವ ನೋವಿಗೆ, ಹೇಗೆ ಹಚ್ಚಿದರೆ ಒಳ್ಳೆಯದು ಎನ್ನುವುದರ ಬಗ್ಗೆಯೇ ಹೆಚ್ಚು.

ಮೊದಲು ಅದು ಮಾಡುವ ಕೆಲಸ. ಗಾಯಗೊಂಡ ನರದ ಎಳೆಗಳಲ್ಲಿ ಸೋಡಿಯಂ ಚಾನೆಲ್‌ಗಳು, ಅಂದರೆ ನರದ ಸಂಕೇತ ಹುಟ್ಟಿಸುವ ಸಣ್ಣ ಬಾಗಿಲುಗಳು, ಅಳತೆ ಮೀರಿ ಸೇರಿಕೊಳ್ಳುತ್ತವೆ. ಯಾರೂ ಮುಟ್ಟದಿದ್ದರೂ ಆ ನರ ತನ್ನಷ್ಟಕ್ಕೆ ಸಂಕೇತ ಬಿಡತೊಡಗುತ್ತದೆ. ಲಿಡೊಕೇನ್ ಈ ಚಾನೆಲ್‌ಗಳನ್ನು ತಡೆಯುತ್ತದೆ. 1943ರಲ್ಲಿ ಸ್ವೀಡನ್ನಿನಲ್ಲಿ ನಿಲ್ಸ್ ಲಾಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ ತಯಾರಿಸಿದ ಔಷಧವಿದು. ಹಲ್ಲು ಕೀಳುವ ಮೊದಲು ಒಸಡಿಗೆ ಚುಚ್ಚುವುದೂ ಇದನ್ನೇ. ಸೂಜಿಯಲ್ಲಿ ಕೊಟ್ಟಾಗ ಆ ಜಾಗದಲ್ಲಿ ಔಷಧದ ಸಾಂದ್ರತೆ ಹೆಚ್ಚು, ಎಲ್ಲ ಸ್ಪರ್ಶವೂ ಹೋಗಿ ಮರಗಟ್ಟುತ್ತದೆ. ಪ್ಯಾಚಿನಿಂದ ಚರ್ಮಕ್ಕಿಳಿಯುವ ಪ್ರಮಾಣ ಅಷ್ಟಿರುವುದಿಲ್ಲ. ಕೆರಳಿ ಪದೇ ಪದೇ ಸಂಕೇತ ಬಿಡುತ್ತಿರುವ ನರವನ್ನು ತಣ್ಣಗಾಗಿಸಲು ಅದು ಸಾಕಾಗುತ್ತದೆ, ಸರಿಯಾಗಿರುವ ನರವನ್ನು ಪೂರ್ತಿ ತಡೆಯಲು ಸಾಲದು. ಹೀಗಾಗಿ ಪ್ಯಾಚ್ ತೆಗೆದ ಮೇಲೆ ಮುಟ್ಟಿದರೆ ಬಹುಮಟ್ಟಿಗೆ ಮುಟ್ಟಿದ್ದು ತಿಳಿಯುತ್ತದೆ. ಮರಗಟ್ಟಲೇ ಇಲ್ಲ, ಅಂದಮೇಲೆ ಔಷಧ ಇಳಿದೇ ಇಲ್ಲ ಎಂದುಕೊಂಡು ಎರಡನೇ ದಿನಕ್ಕೇ ಪೆಟ್ಟಿಗೆ ಮುಚ್ಚಿಡುವವರು ಬಹಳ. ನೋಡಬೇಕಾದದ್ದು ಮರಗಟ್ಟಿತೇ ಎಂದಲ್ಲ, ಬಟ್ಟೆ ಸೋಕಿದಾಗಿನ ಉರಿ ಇಳಿಯಿತೇ ಎಂದು.

ಪ್ಯಾಚಿಗೆ ಇನ್ನೊಂದು ಗುಣವಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ನೋವಿನ ಚರ್ಮಕ್ಕೂ ಬಟ್ಟೆಗೂ ನಡುವೆ ದಪ್ಪನೆಯ ಮೆತ್ತನೆಯ ಹೊದಿಕೆಯಾಗಿ ಕೂರುತ್ತದೆ. ಬರಿಯ ಸ್ಪರ್ಶವೇ ನೋವಾಗಿರುವವರಿಗೆ ಅಂಟಿಸಿದ ಕ್ಷಣವೇ ಸಿಗುವ ಆರಾಮಕ್ಕೆ ಕಾರಣ ಈ ಹೊದಿಕೆ. ಔಷಧ ಚರ್ಮಕ್ಕಿಳಿಯಲು ಇನ್ನೂ ಹೊತ್ತು ಬೇಕು.

ಪೆಟ್ಟಿಗೆಯಲ್ಲಿ ಸಿಗುವುದು

ಲಿಡೋಡರ್ಮ್, ವರ್ಸಾಟಿಸ್ ಮುಂತಾದ ಹೆಸರುಗಳಲ್ಲಿ ಬರುವ ಶೇ. 5ರ ಪ್ಯಾಚ್ 10 ಸೆಂ.ಮೀ. ಅಗಲ, 14 ಸೆಂ.ಮೀ. ಉದ್ದ. ಹಿಂಬದಿಗೆ ಪಾಲಿಯೆಸ್ಟರ್ ಫೆಲ್ಟ್ ಬಟ್ಟೆ, ಅದರ ಮೇಲೆ ನೀರಿನಂಶವಿರುವ ಜೆಲ್ಲಿನಂಥ ಅಂಟು, ಅದರ ಮೇಲೆ ಕಿತ್ತು ತೆಗೆಯುವ ಪಾರದರ್ಶಕ ಹಾಳೆ. ಒಂದು ಗ್ರಾಂ ಅಂಟಿನಲ್ಲಿ 50 ಮಿ.ಗ್ರಾಂ. ಲಿಡೊಕೇನ್, ಇಡೀ ಪ್ಯಾಚಿನಲ್ಲಿ 700 ಮಿ.ಗ್ರಾಂ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟದ್ದು ಒಂದೇ ಕಾಯಿಲೆಗೆ: ಸರ್ಪಸುತ್ತು ವಾಸಿಯಾದ ಮೇಲೂ ಉಳಿದುಬಿಡುವ ನರನೋವು. ಶಸ್ತ್ರಚಿಕಿತ್ಸೆಯ ಗಾಯದ ಗುರುತಿನ ಸುತ್ತಲಿನ ಉರಿ, ತೊಡೆಯ ಹೊರಬದಿಯ ಚರ್ಮದ ನರ ಒತ್ತಿಹೋಗಿ ಬರುವ ಜೋಮು ಮತ್ತು ಉರಿ, ಪಕ್ಕೆಲುಬಿನ ನಡುವಿನ ನರನೋವು, ಸಕ್ಕರೆ ಕಾಯಿಲೆಯವರ ಪಾದದ ಉರಿ, ಇವಕ್ಕೆಲ್ಲ ವೈದ್ಯರು ತಮ್ಮ ವಿವೇಚನೆಯ ಮೇಲೆ ಬರೆದುಕೊಡುತ್ತಾರೆ.

700 ಮಿ.ಗ್ರಾಂ. ಎಂದು ಓದಿದ ಕೂಡಲೇ ಭಯಪಡಬೇಕಿಲ್ಲ. 12 ಗಂಟೆ ಅಂಟಿಸಿಟ್ಟರೂ ದೇಹಕ್ಕೆ ಹೋಗುವುದು ಅದರ ಶೇ. 3ರ ಆಸುಪಾಸು. ಮೂರು ಪ್ಯಾಚ್ ಒಟ್ಟಿಗೆ 12 ಗಂಟೆ ಹಾಕಿದಾಗ ರಕ್ತದಲ್ಲಿ ಕಂಡ ಗರಿಷ್ಠ ಮಟ್ಟ ಸರಾಸರಿ ಪ್ರತಿ ಮಿ.ಲೀ.ಗೆ 0.13 ಮೈಕ್ರೋಗ್ರಾಂ. ಹೃದಯದ ಬಡಿತ ಸರಿಪಡಿಸಲು ರಕ್ತನಾಳಕ್ಕೆ ಕೊಡುವಾಗ ಬೇಕಾಗುವ ಮಟ್ಟ ಸುಮಾರು 1.5ರಿಂದ ಶುರು, 5ರ ಆಚೆ ವಿಷದ ಲಕ್ಷಣಗಳು ಕಾಣಿಸತೊಡಗುತ್ತವೆ. ಅಂದರೆ ಹೇಳಿದ ಹಾಗೆ ಬಳಸಿದರೆ ಔಷಧದ ಮಟ್ಟ ಹೃದಯಕ್ಕೆ ಕೊಡುವುದರ ಹತ್ತನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಹತ್ತಾರು ಮಾತ್ರೆ ನುಂಗುತ್ತಿರುವ ವಯಸ್ಸಾದವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್‌ನಂಥ ನರನೋವಿನ ಮಾತ್ರೆ ತೆಗೆದುಕೊಂಡು ರಾತ್ರಿ ಎದ್ದಾಗ ತೂರಾಡಿ ಬೀಳುವ ಅಪಾಯ ಇಲ್ಲಿಲ್ಲ.

ಈ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ. ಬಳಸಿ ತೆಗೆದ ಪ್ಯಾಚಿನಲ್ಲಿ ಶೇ. 95ರಷ್ಟು, ಅಂದರೆ ಸುಮಾರು 665 ಮಿ.ಗ್ರಾಂ. ಔಷಧ ಹಾಗೇ ಉಳಿದಿರುತ್ತದೆ. ಮಗುವೊಂದು ಅದನ್ನು ಬಾಯಿಗಿಟ್ಟು ಅಗಿದರೆ, ನಾಯಿ ಕಚ್ಚಿ ನುಂಗಿದರೆ, ಜೀವಕ್ಕೇ ಸಂಚಕಾರ. ಕಿತ್ತ ಪ್ಯಾಚನ್ನು ಮಂಚದ ಪಕ್ಕ ಇಟ್ಟು ಬೆಳಿಗ್ಗೆ ಎಸೆಯೋಣ ಎನ್ನುವ ಅಭ್ಯಾಸವನ್ನು ಮೊದಲ ದಿನವೇ ಬಿಡಬೇಕು. ಅಂಟಿನ ಬದಿ ಒಳಗೆ ಬರುವಂತೆ ಎರಡು ಮಡಿಕೆ ಮಾಡಿ ಅದಕ್ಕದೇ ಅಂಟಿಸಿ, ಮಕ್ಕಳ ಕೈಗೆ ಸಿಗದ ಮುಚ್ಚಳದ ಬುಟ್ಟಿಗೆ ಆಗಲೇ ಹಾಕಬೇಕು.

ಹಚ್ಚುವ ಮೊದಲು ನೋವಿನ ನಕ್ಷೆ

ಪ್ಯಾಚ್ ಫಲ ಕೊಡುವುದು ಬಿಡುವುದು ಅರ್ಧಕ್ಕರ್ಧ ಇಲ್ಲೇ ತೀರ್ಮಾನವಾಗುತ್ತದೆ. ಒಂದು ಚೂರು ಹತ್ತಿಯನ್ನು ಎಳೆದು ತುದಿ ಸಡಿಲ ಮಾಡಿಕೊಳ್ಳಿ. ನೋವಿಲ್ಲದ ಚರ್ಮದಿಂದ ಶುರುಮಾಡಿ ನೋವಿನ ಕಡೆಗೆ ನಿಧಾನವಾಗಿ ಸವರುತ್ತಾ ಬನ್ನಿ. ಹತ್ತಿಯ ಸ್ಪರ್ಶ ಎಲ್ಲಿ ಒಮ್ಮೆಲೇ ಉರಿಯಾಗಿಯೋ ಅಸಹನೀಯ ಕಿರಿಕಿರಿಯಾಗಿಯೋ ಬದಲಾಗುತ್ತದೋ ಅಲ್ಲೊಂದು ಪೆನ್ನಿನ ಚುಕ್ಕೆ. ಮೇಲಿನಿಂದ, ಕೆಳಗಿನಿಂದ, ಎರಡೂ ಪಕ್ಕಗಳಿಂದ ಹೀಗೇ ಮಾಡಿ ಚುಕ್ಕೆಗಳನ್ನು ಸೇರಿಸಿದರೆ ನೋವಿನ ಗಡಿ ಸಿಗುತ್ತದೆ. ಅತಿ ಹೆಚ್ಚು ನೋಯುವ ಒಂದು ಬಿಂದುವಿಗೆ ಮಾತ್ರ ಪ್ಯಾಚ್ ಹಾಕಿ ಗಡಿಯ ಅಂಚು ಬಿಟ್ಟುಬಿಡುವುದು ಸಾಮಾನ್ಯ ಎಡವಟ್ಟು. ಬಿಟ್ಟ ಅಂಚಿನ ಮೇಲೆ ಬಟ್ಟೆ ಸೋಕುತ್ತಲೇ ಇರುತ್ತದೆ, ನೋವು ಇಳಿದಿದ್ದೂ ಗೊತ್ತಾಗುವುದಿಲ್ಲ.

ಸವರಿದಾಗ ಎಲ್ಲೂ ಏನೂ ಅನ್ನಿಸದೆ, ಒತ್ತಿದಾಗ ಅಥವಾ ಕೀಲು ಮಡಚಿದಾಗ ಮಾತ್ರ ನೋವಾದರೆ, ಅದು ಬಹುಶಃ ಈ ಪ್ಯಾಚಿನ ನೋವಲ್ಲ. ಇದೇ ಪರೀಕ್ಷೆಯನ್ನು ಕಾಗದದ ಮೇಲೆ ಚಿತ್ರ ಬರೆದು ವೈದ್ಯರ ಮುಂದಿಟ್ಟರೆ ಅವರ ಕೆಲಸವೂ ಹಗುರವಾಗುತ್ತದೆ. ಹತ್ತಿ ಸವರಿದಾಗ ಸ್ಪರ್ಶವೇ ತಿಳಿಯದ ಜಾಗವೂ ಸಿಗಬಹುದು. ಅಲ್ಲಿ ನರದ ತುದಿಗಳು ಸತ್ತುಹೋಗಿರುವ ಸಾಧ್ಯತೆ ಇದೆ. ಅಂಥ ಕಡೆಯೂ ಪ್ಯಾಚ್ ಕೆಲವರಿಗೆ ಉಪಯೋಗಕ್ಕೆ ಬಂದದ್ದುಂಟು, ಆದ್ದರಿಂದ ಅದೊಂದೇ ಕಾರಣಕ್ಕೆ ಕೈಬಿಡಬೇಕಿಲ್ಲ.

ಗಡಿ ಸಿಕ್ಕ ಮೇಲೆ ಅಳತೆ. ಒಂದು ಪ್ಯಾಚಿನ ವಿಸ್ತೀರ್ಣ 140 ಚದರ ಸೆಂ.ಮೀ.; ಒಂದು ಹೊತ್ತಿಗೆ ಮೂರಕ್ಕಿಂತ ಹೆಚ್ಚು ಹಾಕಬಾರದು, ಅಂದರೆ ಗರಿಷ್ಠ 420 ಚದರ ಸೆಂ.ಮೀ. ನೋವಿನ ನಕ್ಷೆ ಇದಕ್ಕಿಂತ ದೊಡ್ಡದಾದರೆ ಅತಿ ಹೆಚ್ಚು ಉರಿಯುವ ಭಾಗವನ್ನು ಆರಿಸಿಕೊಳ್ಳಬೇಕು, ನಾಲ್ಕನೆಯದನ್ನು ಸೇರಿಸಬಾರದು. ಚಿಕ್ಕದಾದರೆ ಕತ್ತರಿಸಬಹುದು. ಶೇ. 5ರ ಈ ಜೆಲ್ ಪ್ಯಾಚಿನಲ್ಲಿ ಔಷಧ ಅಂಟಿನ ಉದ್ದಗಲಕ್ಕೂ ಸಮನಾಗಿ ಬೆರೆತಿರುವುದರಿಂದ ಕತ್ತರಿಸಿದರೆ ಏನೂ ಕೆಡುವುದಿಲ್ಲ. ಆದರೆ ಕತ್ತರಿ ಹಾಕುವುದು ಅಂಟಿನ ಮೇಲಿನ ಪಾರದರ್ಶಕ ಹಾಳೆ ಕೀಳುವ ಮೊದಲೇ. ಕಿತ್ತ ಮೇಲೆ ಕತ್ತರಿಸಲು ಹೋದರೆ ಜೆಲ್ ಕತ್ತರಿಯ ಅಲಗಿಗೆ ಮೆತ್ತಿ ಅಂಚು ಮುದುಡಿಹೋಗುತ್ತದೆ. ಸರ್ಪಸುತ್ತಿನ ನೋವು ಎದೆಯ ಪಕ್ಕದಲ್ಲಿ ಪಟ್ಟೆಯಂತೆ ಹರಡಿರುವುದೇ ಹೆಚ್ಚು, ಅದಕ್ಕೆ ಪ್ಯಾಚನ್ನು ಉದ್ದಕ್ಕೆ ಸೀಳಿ 14 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಎರಡು ಪಟ್ಟಿ ಮಾಡಿ ಒಂದರ ತುದಿಗೆ ಇನ್ನೊಂದು ಜೋಡಿಸುವುದು ಚೆನ್ನ. 28 ಸೆಂ.ಮೀ. ಉದ್ದದ ಪಟ್ಟೆ ಒಂದೇ ಪ್ಯಾಚಿನಲ್ಲಿ ಮುಚ್ಚಿಹೋಗುತ್ತದೆ. ಕತ್ತರಿಸಿದ ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿ, ಚೂಪು ಮೂಲೆಯೇ ಮೊದಲು ಮೇಲೇಳುವುದು.

ಅಂಟಿಸುವ ಕ್ರಮ

ಚರ್ಮ ಒಣಗಿರಬೇಕು, ತಣ್ಣಗಿರಬೇಕು, ಎಣ್ಣೆ ಪಸೆ ಇರಬಾರದು. ಸ್ನಾನ ಮುಗಿದ ಕೂಡಲೇ ಅಂಟಿಸುವುದು ಎರಡು ರೀತಿಯಲ್ಲಿ ಕೆಟ್ಟದ್ದು: ಬಿಸಿನೀರಿಗೆ ರಕ್ತನಾಳ ಹಿಗ್ಗಿರುತ್ತವೆ, ತೇವ ಉಳಿದಿರುತ್ತದೆ. ಮೈ ತಣ್ಣಗಾಗುವವರೆಗೆ ಕಾಯಿರಿ. ಆ ಜಾಗಕ್ಕೆ ಲೋಷನ್, ಎಣ್ಣೆ, ಪೌಡರ್ ಯಾವುದೂ ಬೇಡ. ಕೂದಲಿದ್ದರೆ ಕತ್ತರಿಯಿಂದ ಮಟ್ಟಸವಾಗಿ ಕತ್ತರಿಸಿ. ಬ್ಲೇಡಿನಿಂದ ಬೋಳಿಸಬಾರದು. ಬೋಳಿಸಿದಾಗ ಚರ್ಮದ ಮೇಲ್ಪದರ ಕಣ್ಣಿಗೆ ಕಾಣದಷ್ಟು ಕೆತ್ತಿಹೋಗಿ ಔಷಧ ಬೇಕಾದದ್ದಕ್ಕಿಂತ ಹೆಚ್ಚು ಒಳಗೆ ಹೋಗುತ್ತದೆ, ಅಂಟು ಉರಿಯನ್ನೂ ತರುತ್ತದೆ. ಗಾಯ, ಹುಣ್ಣು, ಬಿರುಕು, ಇನ್ನೂ ಒಣಗದ ಸರ್ಪಸುತ್ತಿನ ಗುಳ್ಳೆಗಳ ಮೇಲೆ ಖಂಡಿತ ಹಚ್ಚಬಾರದು, ಕಾರಣ ಅದೇ. ಗುಳ್ಳೆ ಒಣಗಿ ಹೊಪ್ಪಳೆ ಉದುರಿ ಚರ್ಮ ಪೂರ್ತಿ ಕೂಡಿಕೊಂಡ ಮೇಲೆ ಪ್ಯಾಚಿನ ಸರದಿ.

ಪಾರದರ್ಶಕ ಹಾಳೆಯನ್ನು ಒಮ್ಮೆಗೇ ಪೂರ್ತಿ ಕೀಳಬೇಡಿ. ಒಂದು ಅಂಚಿನಿಂದ ಎರಡು ಬೆರಳಿನಷ್ಟು ಬಿಡಿಸಿ, ಆ ಅಂಚನ್ನು ಪೆನ್ನಿನ ಗಡಿಗೆ ಹೊಂದಿಸಿ ಅಂಟಿಸಿ, ಒಂದು ಕೈಯಿಂದ ಉಳಿದ ಹಾಳೆಯನ್ನು ಎಳೆಯುತ್ತಾ ಇನ್ನೊಂದು ಕೈಯಿಂದ ಪ್ಯಾಚನ್ನು ಸವರುತ್ತಾ ಹೋಗಿ. ಹೀಗೆ ಮಾಡಿದರೆ ಸುಕ್ಕು ಬೀಳುವುದಿಲ್ಲ, ಪ್ಯಾಚ್ ತನ್ನ ಮೇಲೆ ತಾನೇ ಮಡಚಿಕೊಳ್ಳುವುದೂ ಇಲ್ಲ. ಮಡಚಿ ಅಂಟಿಕೊಂಡ ಜೆಲ್ಲನ್ನು ಬಿಡಿಸಿದರೆ ಹರಿಯುವುದೇ ಹೆಚ್ಚು. ಕೊನೆಗೆ ಇಡೀ ಅಂಗೈಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಅಂಚುಗಳನ್ನು ಬೆರಳಿನಿಂದ ಇನ್ನೊಮ್ಮೆ ಒತ್ತಿ. ಒತ್ತಿದರೇ ನೋವು ಎನ್ನುವವರು ಒತ್ತುವ ಬದಲು ಮೇಲೊಂದು ಮೃದು ಬಟ್ಟೆ ಇಟ್ಟು ಅಂಗೈಯನ್ನು ಸುಮ್ಮನೆ ಇರಿಸಿದರೂ ಸಾಕು. ಕೈ ತೊಳೆಯದೆ ಕಣ್ಣು ಮುಟ್ಟಬಾರದು. ಕಣ್ಣು ಮರಗಟ್ಟಿದರೆ ಒಳಗೆ ಕಸ ಬಿದ್ದು ಗೀರಿದರೂ ಗೊತ್ತಾಗುವುದಿಲ್ಲ. ಔಷಧ ಕಣ್ಣಿಗೆ ತಾಗಿಯೇಬಿಟ್ಟರೆ ತಕ್ಷಣ ಚೆನ್ನಾಗಿ ನೀರಿನಲ್ಲಿ ತೊಳೆದು, ಸ್ಪರ್ಶ ಮರಳುವವರೆಗೆ ಕಣ್ಣನ್ನು ಮುಚ್ಚಿ ಕಾಪಾಡಿಕೊಳ್ಳಬೇಕು.

ನಂತರ ಗಡಿಯಾರ. 24 ಗಂಟೆಯಲ್ಲಿ 12 ಗಂಟೆ ಮಾತ್ರ ಪ್ಯಾಚ್, ಉಳಿದ 12 ಗಂಟೆ ಚರ್ಮಕ್ಕೆ ಬಿಡುವು. ಅಂಟಿಸಿದ ಗಂಟೆಯನ್ನು ಪ್ಯಾಚಿನ ಬಟ್ಟೆಯ ಮೇಲೇ ಬರೆಯುವ ಆಸೆಯಾಗುತ್ತದೆ. ಚರ್ಮದ ಮೇಲಿರುವಾಗ ಪೆನ್ನು ಒತ್ತಿದರೆ ನೋವು, ಹಾಗಾಗಿ ಅಂಟಿಸುವ ಮೊದಲೇ ಬರೆದುಕೊಳ್ಳಿ ಅಥವಾ ಫೋನಿನಲ್ಲಿ ಅಲಾರಂ ಇಡಿ. ಹಗಲೋ ರಾತ್ರಿಯೋ ಎಂಬ ಪ್ರಶ್ನೆಗೆ ಉತ್ತರ ನೋವಿನಲ್ಲೇ ಇದೆ. ಬಟ್ಟೆ ತೊಟ್ಟು ಓಡಾಡುವಾಗ ಹೆಚ್ಚು ನೋಯುವವರಿಗೆ ಹಗಲು, ಮಲಗಿದಾಗ ಹಾಸಿಗೆ ಹೊದಿಕೆ ತಾಗಿ ನಿದ್ದೆ ಕೆಡುವವರಿಗೆ ರಾತ್ರಿ. ಸ್ನಾನ, ಈಜು ಬಿಡುವಿನ ಹೊತ್ತಿಗೆ ಬೀಳುವಂತೆ ನೋಡಿಕೊಳ್ಳಬೇಕು. ಈ ಜೆಲ್ ನೀರು ಕುಡಿದರೆ ಉಬ್ಬಿ ಕಳಚಿಕೊಳ್ಳುತ್ತದೆ.

ಕೈಕೊಡುವುದು ಎಲ್ಲೆಲ್ಲಿ

ಈ ಪ್ಯಾಚಿನ ದೊಡ್ಡ ದೌರ್ಬಲ್ಯ ಅಂಟು. ನೀರಿನಂಶದ ಜೆಲ್ ಚರ್ಮಕ್ಕೆ ಮೃದು, ಕೀಳುವಾಗ ನೋವಿಲ್ಲ, ಆದರೆ ಅದೇ ಕಾರಣಕ್ಕೆ ಹಿಡಿತ ಕಡಿಮೆ. ಬೆವರುವ ಬೆನ್ನು, ಸೊಂಟಪಟ್ಟಿ ಉಜ್ಜುವ ಹೊಟ್ಟೆಯ ಪಕ್ಕ, ಮಡಚಿ ಬಿಡಿಸುವ ಕೀಲುಗಳ ಮೇಲೆ ಮಧ್ಯಾಹ್ನದ ಹೊತ್ತಿಗೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಎದ್ದ ಅಂಚಿನ ಕೆಳಗೆ ಔಷಧ ಇಳಿಯುವುದಿಲ್ಲ, ಆ ಭಾಗ ವ್ಯರ್ಥ. ಕಾಗದದ ಸರ್ಜಿಕಲ್ ಟೇಪಿನಿಂದ ಅಂಚುಗಳನ್ನಷ್ಟೇ ಹಿಡಿಸಬಹುದು. ಕೈಕಾಲಾದರೆ ಬಲೆಯಂಥ ಸಡಿಲ ಬ್ಯಾಂಡೇಜಿನ ತೋಳು ಏರಿಸಬಹುದು. ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಗಿಯಾಗಿ ಕಟ್ಟುವುದು ಮಾತ್ರ ಬೇಡ, ಗಾಳಿಯಾಡದೆ ಬಿಸಿಯೇರಿ ಔಷಧ ಒಳಹೋಗುವ ವೇಗ ಹೆಚ್ಚುತ್ತದೆ. ನಡುವೆ ಕಳಚಿ ಬಿದ್ದರೆ, ಮತ್ತೆ ಅಂಟದಿದ್ದರೆ, ಹೊಸದು ಹಾಕಿಕೊಳ್ಳಬಹುದು. ಆದರೆ ಎರಡೂ ಸೇರಿ 12 ಗಂಟೆ ದಾಟಬಾರದು.

ಬಿಸಿ ಇನ್ನೊಂದು. ಪ್ಯಾಚ್ ಮೇಲೆ ಬಿಸಿನೀರಿನ ಚೀಲ, ವಿದ್ಯುತ್ ಕಂಬಳಿ, ಹೀಟಿಂಗ್ ಪ್ಯಾಡ್ ಇಡುವುದು ನೋವಿನವರಿಗೆ ಸಹಜವಾಗಿ ತೋಚುವ ಉಪಾಯ. ಶಾಖಕ್ಕೆ ರಕ್ತಸಂಚಾರ ಹೆಚ್ಚಿ ಔಷಧ ರಕ್ತಕ್ಕೆ ಸೇರುವ ಪ್ರಮಾಣ ಏರುತ್ತದೆ. ಅದರ ಮೇಲೆ, ಸ್ಪರ್ಶ ಮಂದವಾಗಿರುವ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಪ್ಯಾಚ್ ಹಾಕಿರುವಾಗ ಶಾಖ ಬೇಡವೇ ಬೇಡ.

ಮೂರನೆಯದು ಒಣಗುವಿಕೆ. ಜೆಲ್ಲಿನ ನೀರು ಆರಿದರೆ ಅಂಟೂ ಹೋಗುತ್ತದೆ, ಔಷಧ ಹೊರಬರುವುದೂ ಕುಗ್ಗುತ್ತದೆ. ಪೊಟ್ಟಣ ಒಡೆದು ಮೂಲೆ ಮಡಚಿ ಇಟ್ಟರೆ ಸಾಲದು. ಒಂದೇ ಪೊಟ್ಟಣದಲ್ಲಿ ಹಲವು ಪ್ಯಾಚ್ ಇರುವ ಬಗೆಯಾದರೆ ಜಿಪ್ಪನ್ನು ಗಾಳಿ ಹೊರಗೆ ಒತ್ತಿ ಮುಚ್ಚಿ. ವರ್ಸಾಟಿಸ್ ಪೊಟ್ಟಣವನ್ನು ತೆರೆದ 14 ದಿನಗಳೊಳಗೆ ಮುಗಿಸಬೇಕು. ಕತ್ತರಿಸಿ ಉಳಿದ ತುಂಡನ್ನು ನಾಳೆಗೆ ಎತ್ತಿಡದೆ, ಬಳಸಿದ ಪ್ಯಾಚಿನಂತೆಯೇ ಮಕ್ಕಳ ಕೈಗೆ ಸಿಗದ ಬುಟ್ಟಿಗೆ ಹಾಕಬೇಕು. ಫ್ರಿಜ್ಜಿನಲ್ಲಿ ಇಡುವ ಅಗತ್ಯವಿಲ್ಲ. ವರ್ಸಾಟಿಸ್ ಅಂತೂ ಫ್ರಿಜ್ಜಿಗೆ ಹೋಗಲೇಬಾರದು.

ಚರ್ಮದ ಕೆಂಪು ಬಹಳ ಜನರನ್ನು ಹೆದರಿಸುತ್ತದೆ. ತೆಗೆದ ಮೇಲೆ ಪ್ಯಾಚಿನ ಆಕಾರಕ್ಕೆ ಸರಿಯಾಗಿ ತಿಳಿ ಕೆಂಪು ಕಂಡು, ನಿಮಿಷಗಳಿಂದ ಕೆಲವು ಗಂಟೆಯೊಳಗೆ ಮಾಯವಾದರೆ ತೊಂದರೆಯಿಲ್ಲ. ಹಾಕಿದಾಗಲೇ ಉರಿ ಹೆಚ್ಚಿದರೆ ತೆಗೆದು, ಚರ್ಮ ಸರಿಹೋಗುವವರೆಗೆ ಮತ್ತೆ ಹಾಕಬಾರದು. ತುರಿಕೆ, ಗುಳ್ಳೆ, ಊತ ಬಂದು ದಿನ ಕಳೆದರೂ ಇಳಿಯದಿದ್ದರೆ ಅದು ಅಲರ್ಜಿ ಇರಬಹುದು. ಕಾರಣ ಲಿಡೊಕೇನ್ ಆಗಿರಬೇಕೆಂದೇನೂ ಇಲ್ಲ. ಅಂಟಿನಲ್ಲಿ ಕೆಡದಂತೆ ಕಾಪಾಡಲು ಮೀಥೈಲ್ ಮತ್ತು ಪ್ರೊಪೈಲ್ ಪ್ಯಾರಾಬೆನ್ ಇರುತ್ತವೆ, ಪ್ರೊಪಿಲೀನ್ ಗ್ಲೈಕಾಲ್ ಇರುತ್ತದೆ. ಸೌಂದರ್ಯವರ್ಧಕಗಳಿಗೆ ಮೈ ಕೆರೆಯುವವರು ಇವುಗಳ ಹೆಸರನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಕೊನೆಯದು, ಮತ್ತು ನಮ್ಮ ಪ್ರಕಾರ ಅತಿ ಸಾಮಾನ್ಯವಾದದ್ದು, ಅವಧಿಯ ತಪ್ಪು. ಕೆಲವರಿಗೆ ಮೊದಲ ದಿನವೇ ಹಗುರ ಅನ್ನಿಸುತ್ತದೆ, ಕೆಲವರಿಗೆ ಎರಡು ಮೂರು ವಾರ ಬೇಕಾಗುತ್ತದೆ. ಆದ್ದರಿಂದ ದಿನವೂ ತಪ್ಪದೆ ಎರಡರಿಂದ ನಾಲ್ಕು ವಾರ ನೋಡಬೇಕು. ಪ್ರತಿ ಸಂಜೆ ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ನೋವನ್ನು ಬರೆದಿಡಿ, ಜೊತೆಗೆ ನಿದ್ದೆ ಕೆಟ್ಟಿತೇ, ಅಂಗಿ ತೊಡಲಾಯಿತೇ ಎಂದೂ ಬರೆಯಿರಿ. ನಾಲ್ಕು ವಾರಕ್ಕೂ ಅಂಕ ಇಳಿಯದಿದ್ದರೆ ನಿಲ್ಲಿಸುವುದೇ ಸರಿ. ಫಲವಿಲ್ಲದ ಪ್ಯಾಚನ್ನು ಅಭ್ಯಾಸಬಲದಿಂದ ತಿಂಗಳುಗಟ್ಟಲೆ ಹಾಕುತ್ತಾ ಹೋಗುವುದರಿಂದ ಸರಿಯಾದ ಚಿಕಿತ್ಸೆ ತಡವಾಗುತ್ತದೆ ಅಷ್ಟೇ.

ಸಾಕ್ಷ್ಯ ಎಷ್ಟು ಗಟ್ಟಿ

ಇಲ್ಲಿ ಮುಚ್ಚುಮರೆ ಬೇಡ. ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆ ನರನೋವಿಗೆ ಚರ್ಮದ ಮೇಲೆ ಹಚ್ಚುವ ಲಿಡೊಕೇನ್ ಬಗ್ಗೆ ಉತ್ತಮ ಗುಣಮಟ್ಟದ ಪ್ರಯೋಗಗಳ ಬೆಂಬಲ ಇಲ್ಲ ಎಂದಿತು. ಬಿಡಿ ಬಿಡಿ ಅಧ್ಯಯನಗಳಲ್ಲಿ ನೋವು ಇಳಿದದ್ದನ್ನೂ ಒಪ್ಪಿಕೊಂಡಿತು. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘದ ನರನೋವು ತಂಡ 2015ರಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿ ಈ ಪ್ಯಾಚಿಗೆ ಎರಡನೇ ಸಾಲಿನ, ಅಂದರೆ ಮೊದಲು ಕೊಡುವ ಔಷಧಗಳ ನಂತರದ, ಜಾಗ ಸಿಕ್ಕಿತು, ಅದೂ ದುರ್ಬಲ ಶಿಫಾರಸು ಎಂಬ ಟಿಪ್ಪಣಿಯೊಂದಿಗೆ. ಪ್ರಯೋಗಗಳಲ್ಲಿ ಹೋಲಿಕೆಗೆ ಬಳಸುವ ಔಷಧವಿಲ್ಲದ ಪ್ಯಾಚ್ ಕೂಡ ಬಟ್ಟೆಯ ಉಜ್ಜುವಿಕೆ ತಪ್ಪಿಸಿ ಸ್ವಲ್ಪ ಆರಾಮ ಕೊಡುತ್ತದೆ, ಆದ್ದರಿಂದ ಎರಡರ ನಡುವಿನ ಅಂತರ ಕಿರಿದಾಗಿ ಕಾಣುತ್ತದೆ. ಇಷ್ಟಾದರೂ ನೋವು ಚರ್ಮದ ಮಟ್ಟದಲ್ಲಿದ್ದು, ರೋಗಿ ವಯಸ್ಸಾದವರಾಗಿದ್ದು, ಮಾತ್ರೆ ತಡೆಯುವುದಿಲ್ಲ ಎಂದಾದರೆ ಇದನ್ನೇ ಮೊದಲು ಪ್ರಯತ್ನಿಸಬೇಕೆಂಬುದು ನಮ್ಮ ನಿಲುವು. ಅಪಾಯ ಇಷ್ಟು ಕಡಿಮೆಯಿರುವ ಔಷಧ ನರನೋವಿಗೆ ಸಿಗುವುದು ವಿರಳ.

ಹತ್ತಿರದ ಬದಲಿಗಳು

ಝಡ್‌ಟಿಲಿಡೊ ಎಂಬ ಶೇ. 1.8ರ ಪ್ಯಾಚ್ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದರಲ್ಲಿರುವುದು ಬರೀ 36 ಮಿ.ಗ್ರಾಂ. ಲಿಡೊಕೇನ್. ಆದರೂ ರಕ್ತಕ್ಕೆ ತಲುಪಿಸುವ ಪ್ರಮಾಣದಲ್ಲಿ ಅದು 700 ಮಿ.ಗ್ರಾಂ. ಪ್ಯಾಚಿಗೆ ಸಮ. ಇದರ ಅಂಟಿನಲ್ಲಿ ನೀರಿಲ್ಲ, ಪದರ ತೆಳು, ಒಳಗಿರುವ ಔಷಧದ ದೊಡ್ಡ ಪಾಲು ಚರ್ಮಕ್ಕೆ ದಾಟುತ್ತದೆ. ಅಂಟಿನ ಹಿಡಿತವೂ ಮೇಲು. ಶೇಕಡಾವಾರು ಅಂಕಿ ನೋಡಿ ಇದು ಸಪ್ಪೆ ಎಂದು ತಳ್ಳಿಹಾಕುವುದು, ಅಥವಾ 1.8 ತಾನೇ ಎಂದು ನಾಲ್ಕೈದು ಅಂಟಿಸಿಕೊಳ್ಳುವುದು, ಎರಡೂ ತಪ್ಪು. ಇದಕ್ಕೂ ಮೂರು ಪ್ಯಾಚ್, 12 ಗಂಟೆಯ ಮಿತಿಯೇ. ಬೆವರುವವರಿಗೆ, ಓಡಾಡುವ ಕೆಲಸದವರಿಗೆ ಎರಡೂ ಸಿಗುವಂತಿದ್ದರೆ ಇದನ್ನೇ ಆರಿಸಿಕೊಳ್ಳಿ ಎನ್ನುತ್ತೇವೆ. ಬಳಸಿದ ಮೇಲೆ ಉಳಿಯುವ ಔಷಧವೂ ತೀರಾ ಕಡಿಮೆ, ಮಕ್ಕಳಿರುವ ಮನೆಗೆ ಅದೊಂದು ಸಮಾಧಾನ.

ಚೀಟಿಯಿಲ್ಲದೆ ಸಿಗುವ ಶೇ. 4ರ ಪ್ಯಾಚ್‌ಗಳು ಮೈಕೈ ನೋವಿಗೆಂದು ಮಾರಾಟವಾಗುವಂಥವು. ಅಂಕಿ 5ರ ಹತ್ತಿರವೇ ಇದ್ದರೂ ಗಾತ್ರ, ಅಂಟಿನ ಬಗೆ, ಹಾಕಬೇಕಾದ ಗಂಟೆ ಒಂದೊಂದರದ್ದು ಒಂದೊಂದು ತರಹ. ಒಂದಕ್ಕೆ 8 ಗಂಟೆ, ಇನ್ನೊಂದಕ್ಕೆ 12. ಪೊಟ್ಟಣದ ಹಿಂದಿನ ಬರಹವನ್ನೇ ನಂಬಬೇಕು. ಹಲವದರಲ್ಲಿ ಮೆಂಥಾಲ್ ಸೇರಿರುತ್ತದೆ. ಆರೋಗ್ಯದ ಚರ್ಮಕ್ಕೆ ಹಿತವಾದ ಆ ತಂಪು, ಸ್ಪರ್ಶಕ್ಕೇ ಉರಿಯುವ ಚರ್ಮದ ಮೇಲೆ ಹೊಸ ಉರಿಯಾಗಬಹುದು. ಮೆಂಥಾಲ್ ಮತ್ತು ಮೀಥೈಲ್ ಸ್ಯಾಲಿಸಿಲೇಟ್ ಇರುವ ನೋವಿನ ಮುಲಾಮು, ಪ್ಯಾಚ್‌ಗಳಿಂದ ಅಪರೂಪಕ್ಕೆ ಚರ್ಮ ಸುಟ್ಟ ಪ್ರಕರಣಗಳ ಬಗ್ಗೆ ಎಫ್‌ಡಿಎ 2012ರಲ್ಲೇ ಎಚ್ಚರಿಸಿದೆ. ನರನೋವಿಗೆ ಹುಡುಕುವವರು ಲಿಡೊಕೇನ್ ಮಾತ್ರ ಇರುವುದನ್ನು ತೆಗೆದುಕೊಳ್ಳಲಿ.

ಲಿಡೊಕೇನ್ ಜೊತೆ ಪ್ರಿಲೊಕೇನ್ ಎಂಬ ಇನ್ನೊಂದು ಮರಗಟ್ಟಿಸುವ ಔಷಧ ಬೆರೆಸಿದ ಕ್ರೀಮ್, ಪ್ಯಾಚ್‌ಗಳದ್ದು ಬೇರೆಯೇ ಕೆಲಸ. ಸೂಜಿ ಚುಚ್ಚುವ ಮೊದಲು ಚರ್ಮ ಮರಗಟ್ಟಿಸಲು ಒಂದು ಗಂಟೆ ಹಾಕಿ ತೆಗೆಯುವಂಥವು. ದಿನದಿನದ ನರನೋವಿಗೆ ಅವು ಬೇಡ. ಪ್ರಿಲೊಕೇನ್ ಹೆಚ್ಚಾದರೆ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯೇ ಕುಂದುವ ತೊಂದರೆ ಬರಬಹುದು. ಇನ್ನು ಬರೀ ಲಿಡೊಕೇನ್ ಮುಲಾಮಿನ ಮಟ್ಟಿಗೆ ಹೇಳುವುದಾದರೆ, ಎಷ್ಟು ಹಚ್ಚಿದೆವು ಎಂಬ ಅಳತೆ ಕೈಗೆ ಸಿಗುವುದಿಲ್ಲ, ಬಟ್ಟೆಗೆ ಒರೆಸಿಹೋಗುತ್ತದೆ. ದೊಡ್ಡ ಜಾಗಕ್ಕೆ ಮುಲಾಮು ಬಳಿದು ಪ್ಲಾಸ್ಟಿಕ್ ಸುತ್ತುವುದಂತೂ ಪ್ರಾಣಾಪಾಯ. ಲೇಸರ್‌ನಿಂದ ಕೂದಲು ತೆಗೆಸುವ ಮೊದಲು ಹೀಗೆ ಮಾಡಿಕೊಂಡ ಇಬ್ಬರು ಯುವತಿಯರು ಸತ್ತದ್ದನ್ನು ಎಫ್‌ಡಿಎ 2007ರ ಎಚ್ಚರಿಕೆಯಲ್ಲಿ ಹೇಳಿದೆ. 2024ರಲ್ಲಿ, ಚೀಟಿಯಿಲ್ಲದೆ ಮಾರುವ ಶೇ. 4ಕ್ಕಿಂತ ಹೆಚ್ಚಿನ ಲಿಡೊಕೇನ್ ಮುಲಾಮುಗಳಿಂದ ದೂರವಿರಿ ಎಂದೂ ಹೇಳಿತು.

ಲಿಡೊಕೇನ್ ಪ್ಯಾಚಿಗೆ ಜಗ್ಗದ, ಆದರೂ ಗಡಿ ಸ್ಪಷ್ಟವಿರುವ ನೋವಿಗೆ ಮುಂದಿನ ಮೆಟ್ಟಿಲು ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್‌ನ ಶೇ. 8ರ ಪ್ಯಾಚ್, ಕ್ಯೂಟೆನ್ಜಾ. 2009ರಲ್ಲಿ ಸರ್ಪಸುತ್ತಿನ ನಂತರದ ನೋವಿಗೆ, 2020ರಲ್ಲಿ ಸಕ್ಕರೆ ಕಾಯಿಲೆಯವರ ಪಾದದ ನರನೋವಿಗೆ ಎಫ್‌ಡಿಎ ಒಪ್ಪಿದೆ. ಇದನ್ನು ಮನೆಯಲ್ಲಿ ಹಾಕಿಕೊಳ್ಳುವಂತಿಲ್ಲ. ಆಸ್ಪತ್ರೆಯಲ್ಲಿ, ನೈಟ್ರೈಲ್ ಕೈಗವಸು ತೊಟ್ಟವರು, ಪಾದಕ್ಕಾದರೆ 30 ನಿಮಿಷ, ಸರ್ಪಸುತ್ತಿನ ನಂತರದ ನೋವಿಗಾದರೆ 60 ನಿಮಿಷ ಇಟ್ಟು ತೆಗೆಯುತ್ತಾರೆ. ಹಾಕಿದಾಗ ಉರಿ ಜೋರು, ರಕ್ತದೊತ್ತಡ ಏರಬಹುದು. ಪರಿಣಾಮ ಸಿಕ್ಕವರಿಗೆ ಮೂರು ತಿಂಗಳ ಮಟ್ಟಿಗೆ ದಿನದ ರಗಳೆ ತಪ್ಪುತ್ತದೆ.

ಯಾರು ಮುಟ್ಟಬಾರದು, ಯಾವಾಗ ಕೀಳಬೇಕು

ಲಿಡೊಕೇನ್ ಅಥವಾ ಅದೇ ಗುಂಪಿನ ಬುಪಿವಕೇನ್‌ನಂಥ ಔಷಧಕ್ಕೆ ಅಲರ್ಜಿ ಇದ್ದವರು ಬಳಸುವಂತಿಲ್ಲ. ಪಿತ್ತಜನಕಾಂಗದ ಕಾಯಿಲೆ ಜೋರಾಗಿರುವವರಲ್ಲಿ ಲಿಡೊಕೇನ್ ಕರಗುವುದು ನಿಧಾನ, ರಕ್ತದಲ್ಲಿ ಉಳಿದುಹೋಗುತ್ತದೆ. ಮೆಕ್ಸಿಲೆಟಿನ್‌ನಂಥ ಹೃದಯಬಡಿತದ ಔಷಧ ತೆಗೆದುಕೊಳ್ಳುತ್ತಿರುವವರಲ್ಲಿ ಎರಡರ ಪರಿಣಾಮ ಕೂಡಿಕೊಳ್ಳುತ್ತದೆ. ಇಂಥವರು, ಗರ್ಭಿಣಿಯರು, ಹಾಲೂಡಿಸುವವರು ವೈದ್ಯರಿಗೆ ಎಲ್ಲವನ್ನೂ ಹೇಳಿಯೇ ಶುರುಮಾಡಬೇಕು. ಬೇರೆ ಕಾರಣಕ್ಕೆ ಲಿಡೊಕೇನ್ ಇಂಜೆಕ್ಷನ್ ಅಥವಾ ಮುಲಾಮು ಕೊಡುವ ಪ್ರಸಂಗ ಬಂದರೆ, ಹಲ್ಲಿನ ವೈದ್ಯರಾದರೂ ಸರಿ, ಮೈಮೇಲೆ ಪ್ಯಾಚ್ ಇದೆ ಎಂದು ಮೊದಲೇ ತಿಳಿಸಬೇಕು. ಎಂಆರ್‌ಐಗೆ ಹೋಗುವ ಮುನ್ನವೂ ಹೇಳಿ ತೆಗೆಸಿಕೊಳ್ಳುವುದು ಕ್ಷೇಮ, ಕೆಲವು ಔಷಧದ ಪ್ಯಾಚ್‌ಗಳ ಹಿಂಬದಿಯಲ್ಲಿ ಲೋಹದ ಪದರ ಇರುತ್ತದೆ.

ತುಟಿಯ ಸುತ್ತ ಜೋಮು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಡುವುದು, ದೃಷ್ಟಿ ಮಸುಕು, ಕೈ ನಡುಕ, ಕಾರಣವಿಲ್ಲದ ಮಂಪರು: ಇವುಗಳಲ್ಲಿ ಯಾವುದು ಕಂಡರೂ ಪ್ಯಾಚ್ ಕಿತ್ತು, ಚರ್ಮವನ್ನು ಸೋಪು ನೀರಿನಲ್ಲಿ ತೊಳೆದು, ವೈದ್ಯರನ್ನು ಕಾಣಬೇಕು. ಫಿಟ್ಸ್ ಬಂದರೆ, ಉಸಿರು ಕಟ್ಟಿದರೆ, ಎದೆಬಡಿತ ನಿಧಾನವಾಗಿ ಕಣ್ಣು ಕತ್ತಲೆ ಬಂದರೆ ತುರ್ತು ಚಿಕಿತ್ಸೆಗೇ ಒಯ್ಯಬೇಕು. ಜೊತೆಗೆ ಪ್ಯಾಚಿನ ಪೊಟ್ಟಣವನ್ನೂ ತೆಗೆದುಕೊಂಡು ಹೋಗಿ, ಎಷ್ಟು ಪ್ಯಾಚ್ ಎಷ್ಟು ಗಂಟೆ ಇತ್ತು ಎಂದು ಹೇಳಿ.

ಫಲ ಸಿಕ್ಕವರಿಗೆ ಒಂದು ಮಾತು. ನೋವು ಹಿಡಿತಕ್ಕೆ ಬಂದು ಕೆಲವು ತಿಂಗಳಾದ ಮೇಲೆ ಹತ್ತಿಯ ಪರೀಕ್ಷೆಯನ್ನು ಮತ್ತೆ ಮಾಡಿ. ಸರ್ಪಸುತ್ತಿನ ನಂತರದ ನೋವಿನ ಗಡಿ ಎಷ್ಟೋ ಸಲ ತಾನೇ ಕುಗ್ಗುತ್ತದೆ. ಎರಡು ಪ್ಯಾಚ್ ಬೇಕಿದ್ದ ಕಡೆ ಅರ್ಧ ಸಾಕಾಗಬಹುದು. ವೈದ್ಯರನ್ನು ಕೇಳಿಕೊಂಡು ಬಿಡುವಿನ ಗಂಟೆಗಳನ್ನು ಮೆಲ್ಲನೆ ಹೆಚ್ಚಿಸುತ್ತಾ, ಒಂದೆರಡು ದಿನ ಪ್ಯಾಚಿಲ್ಲದೆ ಇದ್ದು ನೋಡಿ, ಸಂಜೆಯ ಅಂಕ ಏರದಿದ್ದರೆ ಅಷ್ಟಕ್ಕೇ ನಿಲ್ಲಿಸಬಹುದು.